ಪ್ರಶ್ನೆ ಮೊದಲು, ಪದವಿ ಆಮೇಲೆ

ಉಳವಿ

ಪ್ರೀತಿಯ ಮಗಳೇ,

ಫಿಜಿಯೋಥೆರಪಿಯ ಸ್ನಾತಕೋತ್ತರ ಪದವಿ ಎಂಪಿಟಿ ಮುಗಿಯುತ್ತ ಬಂತು, ಮುಂದೆ ಮೈಯ ಚಲನೆಯನ್ನೂ ಅದನ್ನು ಮಿದುಳು ನಡೆಸುವ ಬಗೆಯನ್ನೂ ಓದುವ ಕಿನಿಸಿಯಾಲಜಿ ಮತ್ತು ಮೋಟಾರ್ ನ್ಯೂರೋಸೈನ್ಸ್‌ನಲ್ಲಿ ಪಿಎಚ್.ಡಿ. ಮಾಡಲೋ ಬೇಡವೋ ಎಂದು ಕೇಳಿದ್ದೀಯ. ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡದಿಂದ ಓದಲು ಹೋದ ಇನ್ನೂ ಕೆಲವು ಮಕ್ಕಳ ಮನಸ್ಸಿನಲ್ಲೂ ಇದೇ ಯೋಚನೆ ಇರಬಹುದು. ಅದಕ್ಕೇ ಉತ್ತರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಾನು ಹೇಳುವುದು ಇಷ್ಟೇ: ಹೆಸರಿನ ಹಿಂದೆ ಡಾಕ್ಟರ್ ಸೇರಲಿ ಎಂಬ ಆಸೆಗಾಗಿ ಹೋಗಬೇಡ. ಬಿಟ್ಟರೂ ಬಿಡದ ಒಂದು ಪ್ರಶ್ನೆ ಇದ್ದರೆ ಹೋಗು. ಆ ಪ್ರಶ್ನೆ ನಮ್ಮ ಸೀಮೆಯ ಜನರ ನಡಿಗೆ, ದುಡಿಮೆ, ಕಾಯಿಲೆಗಳಿಂದ ಹುಟ್ಟಿದ್ದರೆ ತಪ್ಪದೆ ಹೋಗು.

ಈ ಶಾಸ್ತ್ರದ ಮೂಲ ಪ್ರಶ್ನೆಯನ್ನು ನೂರು ವರ್ಷದ ಹಿಂದೆ ಮಾಸ್ಕೋದಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎತ್ತಿದರು. 1920ರ ದಶಕದಲ್ಲಿ ಅಲ್ಲಿನ ಕಾರ್ಮಿಕ ಸಂಶೋಧನಾ ಸಂಸ್ಥೆಯಲ್ಲಿ ಅವರು ಸುತ್ತಿಗೆಯಿಂದ ಉಳಿಯ ಮೇಲೆ ಹೊಡೆಯುವ ಕೆಲಸಗಾರರ ಮೈಗೆ ಪುಟ್ಟ ಬಲ್ಬುಗಳನ್ನು ಕಟ್ಟಿ, ಪ್ರತಿ ಏಟಿನ ದಾರಿಯನ್ನು ಫಿಲ್ಮಿನಲ್ಲಿ ಹಿಡಿದರು. ಪಳಗಿದ ಕೈಯ ಸುತ್ತಿಗೆ ಬೀಳಬೇಕಾದಲ್ಲೇ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟು ಹಿಡಿದ ದಾರಿ ಮಾತ್ರ ಪ್ರತಿ ಸಲವೂ ಬೇರೆ. ಎಂದರೆ, ಮಿದುಳು ಒಮ್ಮೆ ಕಲಿತ ಆಜ್ಞೆಯನ್ನು ಹಾಗೆಯೇ ಒಪ್ಪಿಸುವುದಿಲ್ಲ; ಪ್ರತಿ ಏಟಿಗೂ ಲೆಕ್ಕವನ್ನು ಹೊಸದಾಗಿ ಬಿಡಿಸುತ್ತದೆ. ಒಂದೇ ಒರಳಿಗೆ ಇಬ್ಬರು ಹೆಂಗಸರು ಸರದಿಯಂತೆ ಒನಕೆ ಹಾಕುವುದನ್ನು ನಮ್ಮ ಹಳ್ಳಿಗಳಲ್ಲಿ ನೋಡಿದವರಿಗೆ ಈ ಮಾತು ಬೇಗ ಹತ್ತುತ್ತದೆ. ಇಬ್ಬರೂ ಮಾತಾಡುತ್ತಲೇ ಇರುತ್ತಾರೆ, ಮಧ್ಯೆ ಒಬ್ಬಳು ಕಾಲಿನಿಂದ ಕೋಳಿಯನ್ನು ಅಟ್ಟುತ್ತಾಳೆ, ಒನಕೆಗೆ ಒನಕೆ ತಾಗುವುದಿಲ್ಲ. ಇನ್ನೊಬ್ಬಳ ಒನಕೆ ಯಾವಾಗ ಇಳಿಯುತ್ತದೆಂದು ಇವಳ ಮಿದುಳು ಮುಂಚೆಯೇ ಅಂದಾಜು ಮಾಡಿರುತ್ತದೆ. ಆ ಅಂದಾಜು ಎಲ್ಲಿ, ಹೇಗೆ ಆಗುತ್ತದೆ ಎಂದು ಹುಡುಕುವುದೇ ನೀನು ಸೇರಬೇಕೆಂದಿರುವ ಶಾಸ್ತ್ರ.

ಇದೇ ಶಾಸ್ತ್ರದ ಹೆಸರಿನಲ್ಲಿ ಅವಸರದ ತೀರ್ಮಾನಕ್ಕೆ ಬಂದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಪಾಠವಿದೆ. 1980ರ ದಶಕದ ಕೊನೆಗೆ, ಮಾರ್ಗರೆಟ್ ಆಳ್ವ ಕೇಂದ್ರದ ಕ್ರೀಡಾ ಸಚಿವೆಯಾಗಿದ್ದ ಕಾಲದಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿಗೆ ಕರೆದೊಯ್ಯಿತು. ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಅವರಂಥ ಓಟಗಾರರು ಹೊರಬಂದದ್ದು ಅಲ್ಲಿಂದ. ಕಾಡಂಚಿನ ಮನೆಯ ಮಕ್ಕಳಿಗೆ ಊಟ, ಶಾಲೆ, ಬೂಟು, ಕೋಚು ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ಯೋಜನೆಯ ಬುಡದಲ್ಲಿ ಇದ್ದದ್ದು ಒಂದು ಊಹೆ: ಇವರ ಪೂರ್ವಿಕರು ಆಫ್ರಿಕಾದವರು, ಆದ್ದರಿಂದ ಓಟ ಇವರ ರಕ್ತದಲ್ಲಿದೆ. 1990ರ ದಶಕದ ಮೊದಲ ವರ್ಷಗಳಲ್ಲೇ ಯೋಜನೆ ನಿಂತಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು, ಉಳಿದವರು ಊರಿಗೆ, ಕೂಲಿಗೆ ಮರಳಿದರು.

ಆ ಊಹೆಯನ್ನು ನಿನ್ನ ಶಾಸ್ತ್ರದ ಕಣ್ಣಿನಿಂದ ನೋಡು. ಆಫ್ರಿಕಾ ಒಂದು ಖಂಡ. ಅಲ್ಲಿ ದೂರದ ಓಟದಲ್ಲಿ ಹೆಸರು ಮಾಡಿದವರು ಬಹುಪಾಲು ಕೀನ್ಯಾ, ಇಥಿಯೋಪಿಯಾಗಳ ಎತ್ತರದ ಪ್ರದೇಶದವರು. ಸಿದ್ದಿಯರ ಪೂರ್ವಿಕರ ನಾಡೇ ಬೇರೆ. ಅವರು ಆಫ್ರಿಕಾದ ಬಾಂಟು ಜನರಿಗೆ ಹತ್ತಿರದವರು, ಇಲ್ಲಿ ಬಂದ ಮೇಲೆ ಇಲ್ಲಿನ ಜನರೊಡನೆ ಬೆರೆತವರು ಎಂದು 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನಗಳು ತೋರಿಸಿವೆ. ಅದಕ್ಕಿಂತ ಮುಖ್ಯವಾಗಿ, ಓಟಗಾರ್ತಿಯ ಕಾಲು ಹರ್ಡಲ್ಸ್‌ನ ಹಲಗೆಯನ್ನು ಸರಿಯಾಗಿ ದಾಟುವುದು ವರ್ಷಗಟ್ಟಲೆ ಅಭ್ಯಾಸದಿಂದ ಬದಲಾದ ನರಮಂಡಲದ ಬಲದಿಂದ. ಆ ಹುಡುಗಿಯ ಪದಕವನ್ನು ಅವಳ ಮುತ್ತಜ್ಜನ ಖಾತೆಗೆ ಬರೆದರೆ ಅವಳ ಬೆವರಿಗೆ ಮಾಡಿದ ಅನ್ಯಾಯ. ಓಡದವಳನ್ನು ಸೋತವಳೆಂದು ಕರೆದರೆ ಇನ್ನೂ ದೊಡ್ಡ ಅನ್ಯಾಯ. ನಾಳೆ ನೀನು ಕ್ಯಾಮೆರಾ, ಸೆನ್ಸರ್ ಹಿಡಿದು ನಮ್ಮ ವಾಡೆಗಳಿಗೆ ಬಂದಾಗ ಈ ಚರಿತ್ರೆ ನೆನಪಿರಲಿ. ಸಿದ್ದಿ, ಕುಣಬಿ, ಗೌಳಿ ಜನ ನಿನ್ನ ಪ್ರಬಂಧಕ್ಕೆ ಮಾದರಿಗಳಲ್ಲ. ನಿನ್ನ ಪ್ರಶ್ನೆಯಲ್ಲಿ ಪಾಲುದಾರರು.

ಪ್ರಶ್ನೆಗಳಿಗೇನೂ ಇಲ್ಲಿ ಬರವಿಲ್ಲ. ಪಾರ್ಕಿನ್ಸನ್ ಬಂದ ಹಿರಿಯರನ್ನು ಗಮನಿಸಿದ್ದೀಯಾ? ಅಂಗಳದಲ್ಲಿ ಹೇಗೋ ನಡೆಯುತ್ತಾರೆ, ಹೊಸ್ತಿಲ ಹತ್ತಿರ ಬಂದೊಡನೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಮನೆಯವರು ಹಠ ಎನ್ನುತ್ತಾರೆ. ನೆಲದ ಮೇಲೆ ಹೆಜ್ಜೆಗೊಂದರಂತೆ ಸುಣ್ಣದಿಂದ ಅಡ್ಡಗೆರೆ ಎಳೆದು, ಇದನ್ನು ದಾಟಿ ಎಂದರೆ ಎಷ್ಟೋ ಜನ ದಾಟುತ್ತಾರೆ. ತಾನಾಗಿ ನಡೆಯುವ ದಾರಿ ಮುಚ್ಚಿದಾಗ ಮಿದುಳು ಕಣ್ಣಿನ ನೆರವಿನಿಂದ ಬೇರೆ ದಾರಿ ಹಿಡಿಯುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಗೆರೆಗೆ ಬದಲು ತಾಳ ಕೊಟ್ಟರೂ ಹಲವರ ಹೆಜ್ಜೆ ಸುಧಾರಿಸುತ್ತದೆ. ಹಾಗಾದರೆ ಸಿದ್ದಿಯರ ದಮಾಮಿ ವಾದ್ಯದ ಬಡಿತ, ಭಜನೆಯ ತಾಳ, ಹೀಗೆ ಬಾಲ್ಯದಿಂದ ಮೈಗೂಡಿದ ಲಯ ಯಂತ್ರದ ಟಿಕ್‌ಟಿಕ್‌ಗಿಂತ ಹೆಚ್ಚು ಕೆಲಸ ಮಾಡೀತೇ? ಇದು ಪಿಎಚ್.ಡಿ.ಗೆ ತಕ್ಕ ಪ್ರಶ್ನೆ. ಹಳಿಯಾಳದಲ್ಲಿ ಮಣ್ಣಿನ ಅಖಾಡದಲ್ಲಿ ಕುಸ್ತಿ ಕಲಿತ ಹುಡುಗ ಹುಡುಗಿಯರು ಮ್ಯಾಟಿಗೆ ಹೋದಾಗ ಅವರ ಸಮತೋಲದಲ್ಲಿ ಉಳಿಯುವುದೇನು, ಹೊಸದಾಗಿ ಕಲಿಯಬೇಕಾದದ್ದೇನು? ಅದೂ ಪ್ರಶ್ನೆಯೇ. ಲಕ್ವ ಹೊಡೆದವರು ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಆಸ್ಪತ್ರೆಗಳಿಂದ ಮನೆಗೆ ಬಂದ ಮೇಲೆ, ವಾರಕ್ಕೊಮ್ಮೆಯೂ ಥೆರಪಿಸ್ಟ್ ಸಿಗದ ಕಾಡಿನ ಹಳ್ಳಿಯಲ್ಲಿ, ಯಾವ ಮನೆಗೆಲಸ ಅವರ ಕೈಗೆ ವ್ಯಾಯಾಮವಾದೀತು? ನನ್ನನ್ನು ಕೇಳಿದರೆ ಎಲ್ಲಕ್ಕಿಂತ ತುರ್ತಿನದು ಇದೇ.

ಇನ್ನು ದಾರಿ. ನಮ್ಮ ದೇಶದಲ್ಲಿ ಕಿನಿಸಿಯಾಲಜಿ ಎಂಬ ಬೋರ್ಡು ಹಾಕಿದ ವಿಭಾಗಗಳು ಅಪರೂಪ. ಆ ವಿದ್ಯೆ ಫಿಜಿಯೋಥೆರಪಿ, ದೈಹಿಕ ಶಿಕ್ಷಣ, ನರವಿಜ್ಞಾನ, ಬಯೋಮೆಡಿಕಲ್ ಎಂಜಿನಿಯರಿಂಗ್‌ಗಳಲ್ಲಿ ಹಂಚಿಹೋಗಿದೆ. ಆದ್ದರಿಂದ ವಿಭಾಗದ ಹೆಸರು ಹುಡುಕಬೇಡ, ಕೆಲಸ ಹುಡುಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಲ್ಲಿ ಶುರುವಾದ ನರವಿಜ್ಞಾನ ಕೇಂದ್ರವಿದೆ. ಅಲ್ಲಿ ಆದಿತ್ಯ ಮೂರ್ತಿ ಅವರ ಪ್ರಯೋಗಾಲಯ, ಮಿದುಳು ಕಣ್ಣು ಮತ್ತು ಕೈಯ ಚಲನೆಯನ್ನು ಹೇಗೆ ಯೋಜಿಸುತ್ತದೆ, ಶುರುವಾಗಲಿರುವ ಚಲನೆಯನ್ನು ಹೇಗೆ ತಡೆಯುತ್ತದೆ ಎಂದು ಅಧ್ಯಯನ ಮಾಡುತ್ತಿದೆ. ಅಮೆರಿಕದಲ್ಲಿ ಕಿನಿಸಿಯಾಲಜಿ ವಿಭಾಗಗಳು ಬೇಕಾದಷ್ಟಿವೆ. ಅಲ್ಲಿ ಪಾಠ ಅಥವಾ ಸಂಶೋಧನೆಯ ಸಹಾಯಕಿಯಾಗಿ ಸೇರಿಸಿಕೊಂಡರೆ ಶುಲ್ಕ ಮಾಫಿಯೂ ಖರ್ಚಿಗೆ ಹಣವೂ ಸಾಮಾನ್ಯವಾಗಿ ಸಿಗುತ್ತವೆ. ಹಣದ ಭರವಸೆ ಇಲ್ಲದ ಸೀಟನ್ನು ಒಪ್ಪಬೇಡ; ಅಪ್ಪನ ಗದ್ದೆ ಅಡವಿಟ್ಟು ಯಾರೂ ಪಿಎಚ್.ಡಿ. ಮಾಡಬಾರದು.

ಇಲ್ಲೇ ಮಾಡುವುದಾದರೆ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಪಡೆ. 2023ರ ಜನವರಿಯಿಂದ ಅದು ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದಾರೆ. ಆ ಮನೆಯ ಮಕ್ಕಳು ಪರಿಶಿಷ್ಟ ಪಂಗಡದವರಿಗೆಂದೇ ಇರುವ ರಾಷ್ಟ್ರೀಯ ಫೆಲೋಶಿಪ್‌ಗೂ ಅರ್ಜಿ ಹಾಕಲಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಹೆಣ್ಣುಮಕ್ಕಳಿಗೆ ಹೆಚ್ಚಿನ ಎರಡು ವರ್ಷಗಳ ಅವಕಾಶವಿದೆ, 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಯೂ ಇದೆ. ಮದುವೆಯ ಮಾತು ಎತ್ತಿ ಓದು ನಿಲ್ಲಿಸು ಎನ್ನುವವರಿಗೆ ಈ ನಿಯಮ ತೋರಿಸು.

ಗೈಡ್ ಆರಿಸುವಾಗ ಅವರ ಹೆಸರಿಗಿಂತ ಅವರ ವಿದ್ಯಾರ್ಥಿಗಳ ಮಾತಿಗೆ ಬೆಲೆ ಕೊಡು. ಎಷ್ಟು ಜನ ಮುಗಿಸಿದರು, ಮುಗಿಸಿದವರು ಈಗ ಎಲ್ಲಿದ್ದಾರೆ, ನಡುವೆ ಬಿಟ್ಟವರು ಏಕೆ ಬಿಟ್ಟರು ಎಂದು ಅವರನ್ನೇ ಕೇಳು. ಸೇರುವ ಮುಂಚೆಯೇ ಸಂಖ್ಯಾಶಾಸ್ತ್ರ ಗಟ್ಟಿ ಮಾಡಿಕೊ, ಪೈಥಾನ್ ಅಥವಾ ಮ್ಯಾಟ್‌ಲ್ಯಾಬ್ ಕಲಿ. ಸ್ನಾಯುವಿನ ವಿದ್ಯುತ್ ಅಳೆಯುವ ಇಎಂಜಿ ಯಂತ್ರ ರಾಶಿಗಟ್ಟಲೆ ಅಂಕಿ ಸುರಿಯುತ್ತದೆ. ಅದನ್ನು ಸ್ವತಃ ಸೋಸಲು ಬಾರದವರು ಬೇರೆಯವರ ತೀರ್ಮಾನಕ್ಕೆ ಸಹಿ ಹಾಕಬೇಕಾಗುತ್ತದೆ. ಪ್ರಯೋಗ ನೀನೆಣಿಸಿದ ಉತ್ತರ ಕೊಡದಿದ್ದರೆ ಬಂದ ಉತ್ತರವನ್ನೇ ಬರೆ.

ಊರಿನ ಜನರ ಚಲನೆ ಅಳೆಯಲು ಬರುವ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಬೇಕೇ ಬೇಕು. ಆದರೆ ಆ ಕಾಗದದಿಂದಲೇ ನಿನ್ನ ಹೊಣೆ ಮುಗಿಯಿತು ಎಂದುಕೊಳ್ಳಬೇಡ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳು, ಕೊಂಕಣಿ ಮಾತಾಡುವ ಮನೆಯಲ್ಲಿ ಕೊಂಕಣಿಯಲ್ಲಿ ಹೇಳು, ಬೇಡ ಎಂದವರನ್ನು ಮತ್ತೆ ಕೇಳಬೇಡ. ದಿನಗೂಲಿ ಬಿಟ್ಟು ಬಂದವರ ಕೂಲಿಯನ್ನು ನಿನ್ನ ಬಜೆಟ್‌ನಲ್ಲಿ ಮೊದಲೇ ಬರೆದಿಡು.

ಮಾಡಲೋ ಬೇಡವೋ ಎಂದು ಕೇಳಿದ್ದಕ್ಕೆ ನನ್ನ ಉತ್ತರ ಮಾಡು ಎಂದೇ. ಒಂದು ಮಾತು ಮಾತ್ರ ನಡೆಸಿಕೊಡು: ಪ್ರಬಂಧ ಇಂಗ್ಲಿಷಿನಲ್ಲಿ ಸಲ್ಲಿಸಿದ ವರ್ಷವೇ ಅದರ ಸಾರವನ್ನು ಕನ್ನಡದಲ್ಲಿ ನಾಲ್ಕು ಪುಟಗಳಾಗಿ ಬರೆದು, ಮೈಗೆ ಸೆನ್ಸರ್ ಕಟ್ಟಿಸಿಕೊಂಡವರ ಮನೆಮನೆಗೆ ಹೋಗಿ ಓದಿ ಹೇಳು. ಅವರು ಕೇಳುವ ಪ್ರಶ್ನೆಗಳಿಗೆ ನಿಂತು ಉತ್ತರ ಕೊಡು. ಆ ಪರೀಕ್ಷೆಯಲ್ಲೂ ಪಾಸಾದರೆ ನಿನ್ನ ಪದವಿ ಪೂರ್ತಿ ನಿನ್ನದು.



ನಿನ್ನ ಹಿತೈಷಿ,
ಉಳವಿಯ ದೊಡ್ಡಪ್ಪ