ಮುರಿದ ತೋಳಿಗೆ ಯಾವ ವ್ಯಾಯಾಮ?

ಪಿರಿಯಾಪಟ್ಟಣದ ಕಡೆಯಿಂದ ಹುಣಸೂರಿಗೆ ಓದಲು ಬರುತ್ತಿದ್ದ ನನ್ನ ವಿದ್ಯಾರ್ಥಿಯೊಬ್ಬನು ಒಂದು ವರ್ಷ ಏಪ್ರಿಲ್ ತಿಂಗಳಲ್ಲಿ ಬೈಸಿಕಲ್ಲಿನಿಂದ ಬಿದ್ದನು. ಭುಜದ ಸಮೀಪದಲ್ಲಿ ಬಲದೋಳಿನ ಮೂಳೆ ಬಿರುಕು ಬಿಟ್ಟಿತು. ಮೂರು ವಾರ ಕೈ ಜೋಳಿಗೆಯಲ್ಲಿತ್ತು. ಅನಂತರ ವೈದ್ಯರು, ಇನ್ನು ಮೆಲ್ಲಮೆಲ್ಲನೆ ಆಡಿಸು ಎಂದರು. ಆದರೆ ಅವನಿಗೆ ಅಷ್ಟು ವ್ಯವಧಾನವೆಲ್ಲಿ? ಹೊಗೆಸೊಪ್ಪಿನ ಕೊಯ್ಲು ಬಂದಿತೆಂದರೆ, ಸೊಪ್ಪು ಕಟ್ಟಿದ ಕಡ್ಡಿಗಳನ್ನು ಬ್ಯಾರನ್ನಿನೊಳಗೆ ತಲೆಯ ಮೇಲಕ್ಕೆ ಎತ್ತಿ ಕೊಡುವ ಕೈ ಆ ಮನೆಯಲ್ಲಿ ಅವನದೇ. ಆದುದರಿಂದ ಒಂದು ಲೀಟರು ನೀರಿನ ಸೀಸೆಯನ್ನು ಹಿಡಿದು, ತೋಳನ್ನು ನೇರವಾಗಿ ಮುಂದಕ್ಕೆ ಚಾಚಿ ಎತ್ತತೊಡಗಿದನು. ಆ ರಾತ್ರಿ ನೋವಿನಿಂದ ನಿದ್ರೆಯಿಲ್ಲ. “ಬರೀ ಒಂದು ಕಿಲೋ ಅಲ್ಲವೇ ಸಾರ್?” ಎಂದು ಮರುದಿನ ನನ್ನನ್ನು ಕೇಳಿದನು.

ಈ ಪ್ರಶ್ನೆಗೆ ಸನ್ನೆಯ ನಿಯಮವೇ ಉತ್ತರ ಕೊಡುತ್ತದೆ. ಒಂದು ಬಲದ ತಿರುಗಿಸುವ ಶಕ್ತಿ, ಎಂದರೆ ಅದರ ಭ್ರಾಮಕ, ಬಲವನ್ನು ಮಾತ್ರ ಅವಲಂಬಿಸಿಲ್ಲ. ಆಧಾರಬಿಂದುವಿನಿಂದ ಅದಕ್ಕಿರುವ ಲಂಬದೂರವನ್ನೂ ಅವಲಂಬಿಸಿದೆ. 60 ಕಿಲೋಗ್ರಾಂ ತೂಗುವ ವ್ಯಕ್ತಿಯ ಒಂದು ತೋಳಿನ ತೂಕ ಸುಮಾರು 3 ಕಿಲೋಗ್ರಾಂ. ತೋಳನ್ನು ನೆಲಕ್ಕೆ ಸಮಾಂತರವಾಗಿ ಚಾಚಿದಾಗ ಅದರ ಗುರುತ್ವ ಕೇಂದ್ರ ಭುಜದಿಂದ ಸುಮಾರು 30 ಸೆಂಟಿಮೀಟರು ದೂರದಲ್ಲಿರುತ್ತದೆ. ಅದನ್ನು ಎತ್ತಿ ಹಿಡಿಯುವ ಸ್ನಾಯುಗಳ ಎಳೆತವಾದರೋ ಕೀಲಿನ ಕೇಂದ್ರದಿಂದ ಸುಮಾರು 3 ಸೆಂಟಿಮೀಟರಿನಷ್ಟೇ ದೂರದಲ್ಲಿ ಹಾಯುತ್ತದೆ. 3ನ್ನು 30ರಿಂದ ಗುಣಿಸಿ 3ರಿಂದ ಭಾಗಿಸಿರಿ. ಬರಿಗೈಯನ್ನು ಚಾಚಿ ಹಿಡಿಯುವುದಕ್ಕೇ ಸ್ನಾಯುಗಳು 30 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯಬೇಕು! ಇನ್ನು 60 ಸೆಂಟಿಮೀಟರು ದೂರದ ಅಂಗೈಯಲ್ಲಿ 1 ಕಿಲೋಗ್ರಾಂ ಇಟ್ಟರೆ ಈ ಎಳೆತಕ್ಕೆ 20 ಕಿಲೋಗ್ರಾಂ ಸೇರುತ್ತದೆ. ನಮ್ಮ ವಿದ್ಯಾರ್ಥಿಯು ಹಸಿ ಮೂಳೆಯ ಮೇಲೆ ಹೇರಿದುದು ಒಂದು ಕಿಲೋ ಅಲ್ಲ, ಸುಮಾರು 50 ಕಿಲೋ.

ಇದರಿಂದ ತಿಳಿಯಬೇಕಾದುದೇನು? ಗಾಯಗೊಂಡ ಅಂಗಕ್ಕೆ ವ್ಯಾಯಾಮವನ್ನು ಆರಿಸುವಾಗ ಕೈಯಲ್ಲಿರುವ ತೂಕವನ್ನಲ್ಲ, ಕೀಲಿನಲ್ಲಿ ಉಂಟಾಗುವ ಭ್ರಾಮಕವನ್ನು ನೋಡಬೇಕು. ಮೊಣಕೈಯನ್ನು ಪೂರ್ತಿ ಮಡಿಸಿದರೆ ಗುರುತ್ವ ಕೇಂದ್ರ ಭುಜದ ಸಮೀಪಕ್ಕೆ ಬಂದು ಭ್ರಾಮಕ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಿಂತು ಎತ್ತುವಾಗ ತೋಳು ಭುಜದ ಮಟ್ಟಕ್ಕೆ ಬಂದಾಗಲೇ ಭ್ರಾಮಕ ಗರಿಷ್ಠ. ಅಂಗಾತ ಮಲಗಿ ಅದೇ ತೋಳನ್ನು ಸೂರಿನ ಕಡೆಗೆ ನೆಟ್ಟಗೆ ನಿಲ್ಲಿಸಿದರೆ ಅದು ಸೊನ್ನೆ. ತೋಳು ಅದೇ, ತೂಕ ಅದೇ. ಭಂಗಿ ಮಾತ್ರ ಬೇರೆ.

ಎಲ್ಲಕ್ಕಿಂತ ಹಗುರವಾದ ವ್ಯಾಯಾಮ ಲೋಲಕದ್ದು. ಇದನ್ನು ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ನನ ಹೆಸರಿನಿಂದ ಕರೆಯುವುದುಂಟು. ಭುಜವನ್ನು ಕುರಿತ ಆತನ ಗ್ರಂಥ 1934ರಲ್ಲಿ ಪ್ರಕಟವಾಯಿತು. ಒಳ್ಳೆಯ ಕೈಯನ್ನು ಮೇಜಿನ ಮೇಲೆ ಊರಿ, ಮುಂದಕ್ಕೆ ಬಾಗಿ, ನೊಂದ ತೋಳನ್ನು ಇಳಿಬಿಟ್ಟು, ಮೈಯನ್ನು ಮೆಲ್ಲನೆ ತೂಗಿ ಅದನ್ನು ಆಡಿಸಬೇಕು. 60 ಸೆಂಟಿಮೀಟರಿನ ತೋಳನ್ನು ಒಂದು ದಂಡವೆಂದು ಭಾವಿಸಿದರೆ ಹತ್ತು ಆಂದೋಲನಗಳಿಗೆ ಸುಮಾರು 13 ಸೆಕೆಂಡು ಬೇಕಾಗುತ್ತದೆ. ನಿಮ್ಮ ತೋಳು ಇದಕ್ಕಿಂತ ಬಹಳ ಬೇಗ ಆಡುತ್ತಿದ್ದರೆ, ಗುರುತ್ವಕ್ಕೆ ಬಿಡಬೇಕಾದ ಕೆಲಸವನ್ನು ಸ್ನಾಯುಗಳೇ ಮಾಡುತ್ತಿವೆ ಎಂದು ತಿಳಿಯಿರಿ.

ಮುಂದಿನ ಮೆಟ್ಟಿಲು ರಾಟೆ. ಬಾವಿಯ ರಾಟೆಯಂತಹುದನ್ನು ತೊಲೆಗೆ ಕಟ್ಟಿ ಹಗ್ಗ ಹಾಯಿಸಿ, ಒಳ್ಳೆಯ ಕೈಯಿಂದ ಎಳೆದು ನೊಂದ ಕೈಯನ್ನು ಮೇಲೇರಿಸಬಹುದು. ಬಳಿಕ ಬೆರಳುಗಳನ್ನು ಗೋಡೆಯ ಮೇಲೆ ನಡೆಸುತ್ತ ಏರಿಸುವುದು, ಆಮೇಲೆ ಮಲಗಿ ಎತ್ತುವುದು, ನಿಂತು ಮಡಿಸಿದ ತೋಳನ್ನು ಎತ್ತುವುದು, ನೇರ ತೋಳನ್ನು ಎತ್ತುವುದು, ಕಟ್ಟಕಡೆಗೆ ತೂಕ. ಇಂತಹ ಬಿರುಕಿನಲ್ಲಿ ಸ್ವಂತ ಬಲದಿಂದ ಎತ್ತಲು ಸಾಮಾನ್ಯವಾಗಿ ಆರು ವಾರ, ತೂಕ ಹಿಡಿಯಲು ಸುಮಾರು ಹನ್ನೆರಡು ವಾರ ಕಾಯಿಸುತ್ತಾರೆ. ಆದರೆ ಯಾವಾಗ ಮೆಟ್ಟಿಲೇರಬೇಕೆಂಬುದನ್ನು ಕ್ಷಕಿರಣ ಚಿತ್ರವನ್ನು ನೋಡಿದ ವೈದ್ಯರೂ ಫಿಸಿಯೋಥೆರಪಿಸ್ಟರೂ ನಿರ್ಧರಿಸಬೇಕೇ ಹೊರತು ನಮ್ಮ ಆತುರವಲ್ಲ.

ಹಾಗೆಂದು ಅಂಗವನ್ನು ಅಲುಗಿಸದೆ ಇಡುವುದೂ ತಪ್ಪು. ಬಹುಕಾಲ ಆಡದ ಕೀಲಿನ ಕೋಶ ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ. ಭಾರಕ್ಕೆ ತಕ್ಕಂತೆ ಮೂಳೆ ತನ್ನ ರಚನೆಯನ್ನು ಮಾರ್ಪಡಿಸಿಕೊಳ್ಳುತ್ತದೆಂದು ಜರ್ಮನಿಯ ಜೂಲಿಯಸ್ ವುಲ್ಫ್ 1892ರಲ್ಲಿಯೇ ಪ್ರತಿಪಾದಿಸಿದನು. ಹಿತಮಿತವಾದ ಭಾರವೇ ಔಷಧ. ಮೈಸೂರಿನವರೇ ಆದ ವೇಗದ ಬೌಲರ್ ಜಾವಗಲ್ ಶ್ರೀನಾಥರು 1997ರಲ್ಲಿ ಭುಜದ ಸ್ನಾಯುರಜ್ಜುಗಳ ಗಾಯದಿಂದ ತಿಂಗಳುಗಟ್ಟಲೆ ಆಟದಿಂದ ದೂರ ಉಳಿಯಬೇಕಾಯಿತು. ಅವರೇ 1999ರ ಫೆಬ್ರವರಿಯಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ 13 ವಿಕೆಟ್ಟುಗಳನ್ನು ಪಡೆದರು. ಗಾಯಗೊಂಡ ಭುಜವೂ ಮತ್ತೆ ದುಡಿಯಬಲ್ಲುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಕೃಷ್ಣರಾಜನಗರದ ಗದ್ದೆಗಳಲ್ಲಿ ನಾಟಿ ಹಾಕುವವರ ಸೊಂಟಕ್ಕೂ ಹೆಗ್ಗಡದೇವನಕೋಟೆಯಲ್ಲಿ ಸೌದೆ ಹೊರುವವರ ಮಂಡಿಗೂ ಇದೇ ಲೆಕ್ಕ ಸಲ್ಲುತ್ತದೆ. ದೂರ, ಕೋನ, ತೂಕ, ಎಣಿಕೆ—ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಹೆಚ್ಚಿಸಿರಿ. ವ್ಯಾಯಾಮದ ವೇಳೆಯ ಅಲ್ಪ ನೋವು ಬೇಗನೆ ಅಡಗಿದರೆ ಚಿಂತೆಯಿಲ್ಲ. ಮರುದಿನ ಬೆಳಗಿನವರೆಗೂ ಉಳಿದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಬಾವು ಬಂದರೆ, ಜೋಮು ಹಿಡಿದರೆ, ರಾತ್ರಿಯ ನೋವು ಹೆಚ್ಚಿದರೆ ನಿಲ್ಲಿಸಿ ವೈದ್ಯರನ್ನು ಕಾಣಿರಿ.

ನಮ್ಮ ವಿದ್ಯಾರ್ಥಿಯು ಸೀಸೆಯನ್ನು ಕೆಳಗಿಟ್ಟು, ವೈದ್ಯರನ್ನು ಮತ್ತೆ ಕಂಡು, ಲೋಲಕದಿಂದ ಮೊದಲುಮಾಡಿದನು. ಆ ವರ್ಷದ ಕೊಯ್ಲಿನಲ್ಲಿ ಅವನು ಜಗಲಿಯ ಮೇಲೆ ಕುಳಿತು ಸೊಪ್ಪು ಕಟ್ಟಿದನು. ಕಡ್ಡಿಗಳನ್ನು ಎತ್ತಿ ಕೊಟ್ಟವನು ಕೂಲಿಯಾಳು. ಕೂಲಿಯ ಹಣ ಅವನ ತಂದೆಗೆ ಹೊರೆಯಾಯಿತೆಂಬುದು ನಿಜ. ಆದರೆ ಮರುವರ್ಷ ಕಡ್ಡಿಗಳನ್ನು ತಲೆಯ ಮೇಲಕ್ಕೆ ಎತ್ತಿದ್ದು ಅವನದೇ ಬಲಗೈ.