ಭಾರಜಲ, ಬೆಳಕು ಮತ್ತು ಶೀತ ಸಮ್ಮಿಲನ

ಫತೇಗಂಜಿನ ನಮ್ಮ ಮನೆಗಳಲ್ಲಿ ಕುಡಿಯುವ ನೀರಿನಲ್ಲಿಯೂ ಭಾರಜಲದ ಅಂಶವಿದೆ. ಜಲಜನಕದ ಸುಮಾರು 6,400 ಪರಮಾಣುಗಳಲ್ಲಿ ಒಂದು, ದುಪ್ಪಟ್ಟು ತೂಕದ ಡ್ಯೂಟೀರಿಯಂ ಆಗಿರುತ್ತದೆ. ಅದು ವಿಕಿರಣಶೀಲವಲ್ಲ, ಇಷ್ಟು ಅಲ್ಪಾಂಶದಿಂದ ಆರೋಗ್ಯಕ್ಕೆ ಬಾಧೆಯೂ ಇಲ್ಲ. ಭಾರಜಲವನ್ನು ತಯಾರಿಸುವ ಸ್ಥಾವರವೊಂದು ನಮ್ಮ ವಡೋದರಾದ ಗೊಬ್ಬರ ಕಾರ್ಖಾನೆಯ ಬಳಿ 1977ರಲ್ಲಿ ಕಾರ್ಯಾರಂಭ ಮಾಡಿತು.

ಎರಡು ಡ್ಯೂಟೀರಿಯಂ ಬೀಜಗಳು ಕೂಡಿದರೆ ಅಪಾರ ಶಕ್ತಿ ಹೊರಬೀಳುತ್ತದೆ. ಇದೇ ಬೈಜಿಕ ಸಮ್ಮಿಲನ. ಆದರೆ ಧನ ವಿದ್ಯುದಂಶವುಳ್ಳ ಈ ಬೀಜಗಳು ಒಂದನ್ನೊಂದು ದೂಡುವುದರಿಂದ ಕೋಟ್ಯಂತರ ಡಿಗ್ರಿ ಉಷ್ಣತೆ ಬೇಕಾಗುತ್ತದೆ. 1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿ ಫ್ಲೀಷ್‌ಮನ್ ಮತ್ತು ಪಾನ್ಸ್ ಎಂಬುವರು, ಭಾರಜಲದಲ್ಲಿ ಅದ್ದಿದ ಪಲ್ಲಾಡಿಯಂ ಲೋಹದೊಳಗೆ ಸಾಮಾನ್ಯ ಉಷ್ಣತೆಯಲ್ಲಿಯೇ ಇದು ನಡೆಯಿತೆಂದು ಸಾರಿದರು. ಅದೇ ವರ್ಷ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿಯೂ ಪಿ. ಕೆ. ಅಯ್ಯಂಗಾರ್ ಮತ್ತು ಸಂಗಡಿಗರು ಪ್ರಯೋಗಗಳನ್ನು ನಡೆಸಿ, ನ್ಯೂಟ್ರಾನ್ ಹಾಗೂ ಟ್ರಿಟಿಯಂ ಕಂಡುದಾಗಿ ವರದಿ ಮಾಡಿದರು.

ಹೊಗೆಯಿಂದ ಬೆಂಕಿಯನ್ನು ಊಹಿಸುವುದು ನಮ್ಮ ತರ್ಕಶಾಸ್ತ್ರದ ಹಳೆಯ ಪಾಠ. ಇಲ್ಲಿ ನ್ಯೂಟ್ರಾನೇ ಹೊಗೆ. ತಿಳಿದಿರುವ ಸಮ್ಮಿಲನದಿಂದ ಒಂದು ವಾಟ್ ಶಾಖ ಬಂದರೆ ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೋಟಿ ನ್ಯೂಟ್ರಾನುಗಳು ಹೊಮ್ಮಬೇಕು. ರಕ್ಷಣೆಯಿಲ್ಲದೆ ಬಳಿ ನಿಂತವರಿಗೆ ಅದು ಪ್ರಾಣಾಪಾಯ. ಪ್ರಯೋಗಕಾರರು ಆರೋಗ್ಯದಿಂದಿದ್ದುದೇ ಆ ವಾದಕ್ಕೆ ಪ್ರತಿಕೂಲ ಸಾಕ್ಷ್ಯವಾಯಿತು.

ಬೆಳಕಿನಿಂದ ಈ ಸಮ್ಮಿಲನವನ್ನು ಕೆರಳಿಸಬಹುದೇ? ಕಣ್ಣಿಗೆ ಕಾಣುವ ಲೇಸರ್ ಬೆಳಕಿನ ಒಂದು ಕಣಕ್ಕೆ ಸುಮಾರು 2 ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಡ್ಯೂಟೀರಿಯಂ ಬೀಜವನ್ನು ಒಡೆಯಲು ಸುಮಾರು 22 ಲಕ್ಷ ಬೇಕು. ಅಮೆರಿಕದ ನಾಸಾ ವಿಜ್ಞಾನಿಗಳು, ಡ್ಯೂಟೀರಿಯಂ ತುಂಬಿದ ಎರ್ಬಿಯಂ ಮತ್ತು ಟೈಟಾನಿಯಂ ಲೋಹಗಳ ಮೇಲೆ 29 ಲಕ್ಷ ಎಲೆಕ್ಟ್ರಾನ್ ವೋಲ್ಟುವರೆಗಿನ ಎಕ್ಸ್ ಕಿರಣಗಳನ್ನು ಹಾಯಿಸಿ, ಫಲಿತಾಂಶವನ್ನು 2020ರಲ್ಲಿ ಪ್ರಕಟಿಸಿದರು. ಬೀಜ ಒಡೆದಾಗ ಸಿಡಿಯುವ ನ್ಯೂಟ್ರಾನಿಗೆ ಇಲ್ಲಿ ಹೆಚ್ಚೆಂದರೆ ಮೂರು ನಾಲ್ಕು ಲಕ್ಷದಷ್ಟೇ ಶಕ್ತಿ ದಕ್ಕುತ್ತದೆ. ಸಮ್ಮಿಲನದ ನ್ಯೂಟ್ರಾನಿಗೆ 24.5 ಲಕ್ಷ. ಅಂತಹ ವೇಗದ ನ್ಯೂಟ್ರಾನುಗಳು ಕಂಡುದರಿಂದಲೇ, ಒಡೆದ ಚೂರುಗಳ ಹೊಡೆತಕ್ಕೆ ಕೆಲವು ಬೀಜಗಳು ಕೂಡಿಕೊಂಡಿವೆಯೆಂದು ಅವರು ತರ್ಕಿಸಿದರು. ಆದರೆ ಹೊರಗಿನಿಂದ ಇಷ್ಟು ಶಕ್ತಿಯನ್ನು ಸುರಿದು ಪಡೆದುದು ಯೂಟಾದವರು ಹೇಳಿದ ಶೀತ ಸಮ್ಮಿಲನವಲ್ಲ. ಅದನ್ನು ಹಲವು ವರ್ಷ ಮರುಪರೀಕ್ಷಿಸಿದ ತಂಡವೊಂದು, ಪುರಾವೆ ದೊರೆಯಲಿಲ್ಲವೆಂದು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಿಳಿಸಿತು.

ಆದಕಾರಣ ಶಾಖವೊಂದನ್ನೇ ನಂಬಲಾಗದು. ಅದೇ ಲೋಹಕ್ಕೆ ಸಾಮಾನ್ಯ ಜಲಜನಕ ತುಂಬಿ ಅದೇ ಬೆಳಕಿನಲ್ಲಿಟ್ಟು ಹೋಲಿಸಬೇಕು. ಹೊಸ ಔಷಧಿಯನ್ನು ಮದ್ದಿಲ್ಲದ ಮಾತ್ರೆಯೊಡನೆ ಹೋಲಿಸುವುದೂ ಇದೇ ನ್ಯಾಯದಿಂದ. ಪವಾಡದ ಮದ್ದು ಬಾಗಿಲಿಗೆ ಬಂದಾಗ ನಾವೂ ಕೇಳಬೇಕಾದ ಮೊದಲ ಪ್ರಶ್ನೆ ಇದು: ಯಾವುದರೊಡನೆ ಹೋಲಿಸಿ ನೋಡಿದಿರಿ?