ಎಸೆಯುವ ಕೈ

ಮಗು, ಶಾಲೆಯ ಬೇಸ್‌ಬಾಲ್ ತಂಡದಲ್ಲಿ ನಿನ್ನನ್ನು ಪಿಚರ್ ಮಾಡಿದ್ದಾರೆ ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಾಗಿನಿಂದ ಖುಷಿಯೂ ಇದೆ, ಒಳಗೊಳಗೇ ಕಳವಳವೂ ಇದೆ. ಕೋಬೆಯಲ್ಲಿ ಬೆಳೆಯುತ್ತಿರುವ ನಿನಗೆ, ಹೈಸ್ಕೂಲು ತಂಡಗಳ ರಾಷ್ಟ್ರೀಯ ಪಂದ್ಯಾವಳಿ ನಡೆಯುವ ಕೋಶಿಯೆನ್ ಮೈದಾನದ ಮಹಿಮೆ ನಾನು ಹೇಳಬೇಕಾಗಿಲ್ಲ. ಅಲ್ಲಿ ಸೋತ ಹುಡುಗರು ಅಳುತ್ತಲೇ ಮೈದಾನದ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಹೋಗುವುದನ್ನು, ನೌಕರಿಗೆಂದು ಆ ಊರಲ್ಲಿದ್ದ ಕಾಲದಲ್ಲಿ ನಾನೂ ಕಣ್ಣಾರೆ ಕಂಡಿದ್ದೇನೆ.

1998ರ ಆಗಸ್ಟ್ 20 ನನಗೆ ಚೆನ್ನಾಗಿ ನೆನಪಿದೆ. ಅಂದು ಕೋಶಿಯೆನ್‌ನಲ್ಲಿ ಯೊಕೊಹಾಮಾ ಹೈಸ್ಕೂಲಿನ ಪಿಚರ್ ಮತ್ಸುಜಾಕಾ ದೈಸುಕೆ, ಪಿಎಲ್ ಗಾಕುಎನ್ ಶಾಲೆಯ ವಿರುದ್ಧ 17 ಇನಿಂಗ್ಸ್ ಒಬ್ಬನೇ ಎಸೆದ. ಒಟ್ಟು 250 ಎಸೆತ. ಹಿಂದಿನ ದಿನವಷ್ಟೇ 148 ಎಸೆದಿದ್ದ. ಎರಡು ದಿನ ಕಳೆದು ಫೈನಲ್‌ನಲ್ಲಿ ಎದುರಾಳಿಗೆ ಒಂದೇ ಒಂದು ಹಿಟ್ ಕೂಡ ಬಿಟ್ಟುಕೊಡಲಿಲ್ಲ. ಟಿವಿ ಮುಂದೆ ಕೂತು ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವನಿಗಾಗ ಹದಿನೇಳು ವರ್ಷ. ಅವನ ಆಟದ ಮೇಲಿನ ಗೌರವ ಇವತ್ತಿಗೂ ಇದೆ. ಆದರೆ ಆ ಚಪ್ಪಾಳೆ ನೆನೆದರೆ ಈಗ ನಾಚಿಕೆಯಾಗುತ್ತದೆ. ನಿಮ್ಮ ವಯಸ್ಸಿನಲ್ಲಿ ಮೂಳೆಯ ತುದಿ ಇನ್ನೂ ಬೆಳೆಯುತ್ತಿರುತ್ತದೆ. ದಣಿದ ಸ್ನಾಯು ಕೈಬಿಟ್ಟಾಗ ಎಳೆತವೆಲ್ಲ ಮೊಣಕೈಯ ಒಳಬದಿಯ ಅಸ್ಥಿರಜ್ಜುವಿನ ಮೇಲೆ ಬೀಳುತ್ತದೆ.

ಆಮೇಲೆ ಆಟ ನಿಧಾನವಾಗಿ ಬದಲಾಯಿತು. 18 ಇನಿಂಗ್ಸ್‌ವರೆಗೂ ಎಳೆಯಬಹುದಾಗಿದ್ದ ಪಂದ್ಯವನ್ನು 2000ದಲ್ಲಿ 15ಕ್ಕೆ ಇಳಿಸಿದರು. 2018ರಲ್ಲಿ, ಸಮಬಲವಾಗಿ ಎಳೆಯುವ ಪಂದ್ಯವನ್ನು ಬೇಗ ಮುಗಿಸುವ ಟೈಬ್ರೇಕ್ ಬಂತು. ಅದೇ ಬೇಸಿಗೆ ಅಕಿತಾದ ಕೃಷಿ ಶಾಲೆಯ ಯೊಶಿದಾ ಕೋಸೆಯ್ ಆರು ಪಂದ್ಯಗಳಲ್ಲಿ 881 ಎಸೆತ ಎಸೆದ! 2020ರಿಂದ ಒಬ್ಬ ಪಿಚರ್‌ಗೆ ವಾರಕ್ಕೆ 500 ಎಸೆತದ ಮಿತಿ. 2023ರಲ್ಲಿ ಬಿಸಿಲ ದಣಿವಾರಿಸಲು ಪಂದ್ಯದ ನಡುವೆ ವಿರಾಮ, ಅದರ ಮರುವರ್ಷ ಚೆಂಡು ಸಿಡಿಯುವ ರಭಸ ತಗ್ಗಿಸುವ ಹೊಸ ಲೋಹದ ಬ್ಯಾಟ್. ತಲೆ ಬೋಳಿಸದೆ, ಕೂದಲು ಬಿಟ್ಟೇ ಆಡಿದ ಕೇಯೊ ಶಾಲೆಯ ಹುಡುಗರು 107 ವರ್ಷಗಳ ನಂತರ ಬೇಸಿಗೆಯ ಕಪ್ ಗೆದ್ದದ್ದೂ 2023ರಲ್ಲೇ.

ಇದೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತಿರುವುದು 2019ರ ಜುಲೈ 25. ಇವಾತೆ ಪ್ರಾಂತ್ಯದ ಫೈನಲ್. ಗೆದ್ದಿದ್ದರೆ ಒಫುನಾತೊ ಶಾಲೆ 35 ವರ್ಷಗಳ ಮೇಲೆ ಕೋಶಿಯೆನ್‌ಗೆ ಹೋಗುತ್ತಿತ್ತು. ಗಂಟೆಗೆ 163 ಕಿಲೋಮೀಟರ್ ವೇಗದಲ್ಲಿ ಎಸೆಯುತ್ತಿದ್ದ ಸಸಾಕಿ ರೋಕಿ ಬೆಂಚಿನ ಮೇಲೆಯೇ ಕೂತಿದ್ದ. ನಾಲ್ಕು ದಿನ ಹಿಂದೆ 194, ಹಿಂದಿನ ದಿನ 129 ಎಸೆದಿದ್ದನೆಂದು ಕೋಚ್ ಕೊಕುಬೊ ಯೊಹೆಯ್ ಅವನನ್ನು ಇಳಿಸಲೇ ಇಲ್ಲ. ತಂಡ 12–2ರಿಂದ ಸೋತಿತು. ಶಾಲೆಗೆ ಫೋನ್ ಮಾಡಿ ಬೈದವರಿಗೆ ಲೆಕ್ಕವಿಲ್ಲ. 2022ರ ಏಪ್ರಿಲ್‌ನಲ್ಲಿ, ಇಪ್ಪತ್ತರ ಹರೆಯದಲ್ಲಿ, ಅದೇ ಸಸಾಕಿ ವೃತ್ತಿಪರ ಪಂದ್ಯದಲ್ಲಿ ಒಬ್ಬ ಬ್ಯಾಟರ್‌ನನ್ನೂ ಬೇಸ್ ಮುಟ್ಟಲು ಬಿಡದೆ ಆಟ ಮುಗಿಸಿದ. ಅವನು ಹಾಗೆ ಎಸೆಯದೆ ಹೋಗಿದ್ದರೂ ಆ ಕೋಚ್ ಮಾಡಿದ್ದು ಸರಿಯೇ ಎಂದು ನಾನು ಹೇಳುತ್ತಿದ್ದೆ ಕಣಪ್ಪಾ.

ಎಲ್ಲರಿಗೂ ಅಂಥ ಗುರು ಸಿಗುವುದಿಲ್ಲ. ಕಾಲೇಜಿನಲ್ಲಿ ವೇಗದ ಬೌಲರ್ ಆಗಿದ್ದಾಗ ಭುಜದ ನೋವನ್ನು ಇಡೀ ಒಂದು ವರ್ಷ ಮುಚ್ಚಿಟ್ಟೆ, ಜಾಗ ಹೋದೀತೆಂಬ ಭಯಕ್ಕೆ. ಹಾಗೆ ಉಳಿಸಿಕೊಂಡ ಜಾಗ ಎರಡೇ ತಿಂಗಳಲ್ಲಿ ಹೋಯಿತು. ಈಗಲೂ ಅಟ್ಟದ ಮೇಲಿನ ಡಬ್ಬ ಇಳಿಸಲು ನಿನ್ನಜ್ಜಿಯನ್ನೇ ಕರೆಯುತ್ತೇನೆ. ನಿನಗೆ ಹಾಗಾಗಬಾರದು.

ಇನ್ನೊಂದು ಮಾತು. ಆ 500ರ ನಿಯಮ ಎಣಿಸುವುದು ಅಧಿಕೃತ ಪಂದ್ಯದ ಎಸೆತಗಳನ್ನು ಮಾತ್ರ. ಬೆಳಗಿನ ಅಭ್ಯಾಸದಲ್ಲಿ, ಸಂಜೆ ಗೆಳೆಯನ ಜೊತೆ ಎಸೆದದ್ದನ್ನು ನೀನೇ ಎಣಿಸಿಕೊಳ್ಳಬೇಕು. ನಿನ್ನ ಚಿಕ್ಕಪ್ಪನ ಕೈಯಲ್ಲಿ ಒಂದು ಪುಟ್ಟ ನೋಟ್‌ಬುಕ್ ಕಳಿಸುತ್ತಿದ್ದೇನೆ. ದಿನಾ ಎಷ್ಟು ಎಸೆದೆ ಅಂತ ಬರೆದಿಡು. ನೋವಿದ್ದ ದಿನ ಪಕ್ಕದಲ್ಲಿ ಕನ್ನಡದಲ್ಲಿ ‘ನೋವು’ ಅಂತ ಬರೆ, ಮೊದಲು ನಿಮ್ಮ ಕೋಚ್‌ಗೆ ತೋರಿಸು. ಭಾನುವಾರ ಫೋನ್ ಮಾಡಿದಾಗ ನನಗೂ ಓದಿ ಹೇಳು.